ಹಾಡಿನೊಳಗೆ ಮಾತಾಡುವವರು ಯಾರು?

(ಭಾಷಾ ಪಾಠ: ಪುರುಷ ಮತ್ತು ಪದ್ಯ)



ಅನ್ನ ಉಣ್ಣುವಾಗ ಬಾಯಿಗೆ ಒಂದು ಕಲ್ಲು ಸಿಕ್ಕಿದರೆ ಹೇಗಿರುತ್ತದೆ? ಸಾರು ಎಷ್ಟೇ ರುಚಿಯಾಗಿದ್ದರೂ ಆಮೇಲೆ ಪ್ರತಿ ತುತ್ತಿಗೂ ಹೆದರಿಕೆ. ನನಗೆ ಕೆಲವು ಹಾಡು ಕೇಳುವಾಗ ಹೀಗೇ ಆಗುತ್ತದೆ. ಪಲ್ಲವಿಯಲ್ಲಿ 'ನೀನು' ಎಂದು ಕರೆದವರು ಮೊದಲ ಚರಣಕ್ಕೆ ಬರುವಷ್ಟರಲ್ಲಿ 'ಅವಳು' ಆಗಿರುತ್ತಾರೆ. ಎರಡನೇ ಚರಣದಲ್ಲಿ ಅವರೇ 'ನಾನು' ಎಂದು ಮಾತಾಡತೊಡಗುತ್ತಾರೆ. ಹಾಡುವವರು ಯಾರು, ಕೇಳುವವರು ಯಾರು, ಯಾರ ವಿಷಯ ಎಂಬುದೇ ಗೊತ್ತಾಗುವುದಿಲ್ಲ. ಹೀಗೆಂದು ಹೇಳಿದರೆ ಗೆಳತಿಯರು, "ರಾಗ ಚೆನ್ನಾಗಿದ್ರೆ ಸಾಕು ಬಿಡೆ, ಅದನ್ನೆಲ್ಲಾ ಯಾರ್ ಕೇಳ್ತಾರೆ?" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಆದರೆ ಒಬ್ಬರು ಕೇಳಿದರು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಪಾಠ.

1. ಮೂರು ಪುರುಷಗಳು

ವ್ಯಾಕರಣದಲ್ಲಿ 'ಪುರುಷ' ಎಂದರೆ ಗಂಡಸು ಎಂದಲ್ಲ. ಮಾತು ನಡೆಯುವಾಗ ಯಾರು ಯಾವ ಜಾಗದಲ್ಲಿದ್ದಾರೆ ಎಂಬುದನ್ನು ತಿಳಿಸುವ ಹೆಸರು ಅದು.

ಉತ್ತಮ ಪುರುಷ: ಮಾತಾಡುವವರು. ನಾನು ಹಾಡುತ್ತೇನೆ, ನಾವು ಹಾಡುತ್ತೇವೆ.

ಮಧ್ಯಮ ಪುರುಷ: ಎದುರಿಗಿದ್ದು ಕೇಳುವವರು. ನೀನು ಹಾಡುತ್ತೀಯೆ, ನೀವು ಹಾಡುತ್ತೀರಿ.

ಪ್ರಥಮ ಪುರುಷ: ಯಾರ ವಿಷಯ ಮಾತಾಡುತ್ತೇವೋ ಅವರು. ಅವನು ಹಾಡುತ್ತಾನೆ, ಅವಳು ಹಾಡುತ್ತಾಳೆ, ಅವರು ಹಾಡುತ್ತಾರೆ, ಅದು ಹಾಡುತ್ತದೆ. ಇದಕ್ಕೆ ಅನ್ಯ ಪುರುಷ ಎಂದೂ ಹೇಳುತ್ತಾರೆ.

ಇಲ್ಲಿ ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಇಂಗ್ಲಿಷ್ ಪಾಠದಲ್ಲಿ 'ಫಸ್ಟ್ ಪರ್ಸನ್' ಎಂದರೆ ನಾನು. ಕನ್ನಡದಲ್ಲಿ 'ಪ್ರಥಮ ಪುರುಷ' ಎಂದರೆ ಅವನು, ಅವಳು. ಎರಡು ಹೆಸರಿಗೂ 'ಮೊದಲನೆಯದು' ಎಂದೇ ಅರ್ಥವಿದ್ದರೂ ಎಣಿಕೆ ಬೇರೆ ಬೇರೆ. ನಮ್ಮದು ಸಂಸ್ಕೃತ ವ್ಯಾಕರಣದಿಂದ ಬಂದ ಎಣಿಕೆ. ಇದನ್ನು ನೆನಪಿಟ್ಟುಕೊಂಡರೆ ಒಂದು ಅಂಕ ಉಳಿಯುತ್ತದೆ.

2. ಕ್ರಿಯಾಪದದ ಬಾಲ

ಕನ್ನಡದ ಸೊಗಸೆಂದರೆ ನಾನು, ನೀನು ಎಂದು ಹೇಳದೆಯೂ ಮಾತು ನಡೆಯುತ್ತದೆ. 'ನಾಳೆ ಬರ್ತೀನಿ' ಅಂದರೆ ಸಾಕು, ಬರುವುದು ನಾನೇ ಎಂದು ಗೊತ್ತಾಗುತ್ತದೆ. ಕ್ರಿಯಾಪದದ ಬಾಲವೇ ಪುರುಷವನ್ನು ಹೇಳಿಬಿಡುತ್ತದೆ. ಬರುತ್ತೇನೆ, ಬರುತ್ತೀಯೆ, ಬರುತ್ತಾಳೆ: ಬಾಲ ಬದಲಾದರೆ ಆಳೂ ಬದಲಾಯಿತು.

ಹಾಡು ಬರೆಯುವವರು ಇದನ್ನೇ ಮರೆಯುತ್ತಾರೆ. 'ಅವಳು' ಎಂಬ ಪದವನ್ನು ತೆಗೆದು ಹಾಕಿದರೆ ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ 'ಬಂದಳು' ಎಂಬುದು ಹಾಗೇ ಉಳಿದಿದ್ದರೆ ಅದರ ಬಾಲದಲ್ಲಿ 'ಅವಳು' ಕೂತೇ ಇರುತ್ತಾಳೆ.

ಇನ್ನೊಂದು ತೊಡಕೂ ಇದೆ. 'ಬಂದೆ' ಎಂಬ ಪದವನ್ನು ನೋಡಿ. 'ನಾನು ಬಂದೆ' ಎಂದರೂ ಸರಿ, 'ನೀನು ಬಂದೆ' ಎಂದರೂ ಸರಿ. 'ಬಂದೆನು' ಎಂದು ಪೂರ್ತಿ ಬರೆದರೆ ಮಾತ್ರ ಅದು ನಾನೇ ಎಂದು ಖಚಿತ. 'ಬರುವೆ', 'ನೋಡಿದೆ', 'ಹಾಡುವೆ', 'ನಿಂತೆ' ಎಲ್ಲವೂ ಹೀಗೆಯೇ. ಮಾತಿನಲ್ಲಿ ಇದು ಕಷ್ಟವಲ್ಲ. ಎದುರಿಗೆ ಮುಖವಿರುತ್ತದೆ, ಕೈಸನ್ನೆ ಇರುತ್ತದೆ. ಉತ್ತರ ಕರ್ನಾಟಕದ ಕಡೆ 'ನೀ ಬಂದಿ' ಎಂದು ಬೇರೆ ಮಾಡಿಯೇ ಹೇಳುತ್ತಾರೆ. ಆದರೆ ಹಾಳೆಯ ಮೇಲೆ ಬರೆದ ಹಾಡಿನಲ್ಲಿ ಮುಖವೂ ಇಲ್ಲ, ಸನ್ನೆಯೂ ಇಲ್ಲ. ಆದ್ದರಿಂದ ಇಂಥ ಪದ ಬಂದ ಕಡೆ ಹತ್ತಿರದಲ್ಲೆಲ್ಲಾದರೂ 'ನಾ' ಅಥವಾ 'ನೀ' ಎಂಬ ಒಂದಕ್ಷರ ಇರಬೇಕು.

3. ನಮ್ಮ ತರಗತಿಯ ಹಾಡು

ಈಗ ಕಥೆಗೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಅಮ್ಮ ವಯಸ್ಸಾಯಿತೆಂದು ಕೆಲಸ ಬಿಟ್ಟ ದಿನ ನಾವು ಅವರ ಮೇಲೆ ಒಂದು ಹಾಡು ಕಟ್ಟಿ ಹಾಡಿದ್ದು ನಿಮಗೆಲ್ಲಾ ನೆನಪಿರಬಹುದು. ನಾಲ್ಕು ಜನ ಕೂತು ಬರೆದದ್ದು. ಪಲ್ಲವಿ ಒಬ್ಬರದು, ಒಂದೊಂದು ಚರಣ ಒಬ್ಬೊಬ್ಬರದು. ಹೀಗಿತ್ತು:

ನಮ್ಮ ಹಸಿವ ಕಳೆದ ತಾಯಿ ನೀವಲ್ಲವೆ,
ನಿಮ್ಮ ಕೈಯ ರುಚಿಯ ನಾವು ಮರೆವೆವೆ?

ಕೋಳಿ ಕೂಗೊ ಮುಂಚೆ ಎದ್ದು ಬಂದಳು,
ನೂರು ತಟ್ಟೆಗನ್ನ ಸಾರು ತಂದಳು.

ಹೊಗೆಯ ಕುಡಿದು ಒಲೆಯ ಊದಿ ನಿಂತೆ,
ನಿಮ್ಮ ಹೊಟ್ಟೆ ತುಂಬಲೆಂದೆ ನನ್ನ ಚಿಂತೆ.

ಉಂಡ ಋಣವ ಮರೆಯದಿರಿ ಮಕ್ಕಳೆ,
ಆಕೆಯಂಥ ತಾಯಿ ಇನ್ನು ಸಿಕ್ಕಾಳೆ?

ಹಾಡು ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಆಮೇಲೆ ನಮ್ಮನ್ನು ಕರೆದು ಹೇಳಿದರು: "ಚೆನ್ನಾಗಾಡಿದ್ರಿ ಮಕ್ಳಾ. ಆದ್ರೆ ಆ ಬಂದಳು, ತಂದಳು ಅಂದ್ರಲ್ಲ, ಅದ್ಯಾರು? ನಾನಿನ್ನೂ ಇಲ್ಲೇ ಕುಂತಿದ್ದೀನಲ್ಲವ್ವಾ. ಸತ್ತೋದೋರ್ ಮೇಲೆ ಪದ ಹೇಳ್ದಂಗಿತ್ತು."

ಅವರು ನಗುತ್ತಲೇ ಹೇಳಿದರು. ನಾವೂ ನಕ್ಕೆವು. ಮನೆಗೆ ಹೋದ ಮೇಲೆ ನನಗೆ ನಗು ಬರಲಿಲ್ಲ. ಯಾಕೆಂದರೆ ಆ 'ಬಂದಳು, ತಂದಳು' ಬರೆದವಳು ನಾನೇ. ಬೇರೆಯವರ ಹಾಡಿನಲ್ಲಿ ಕಲ್ಲು ಹುಡುಕುವ ನಾನು ನಮ್ಮ ಅನ್ನದಲ್ಲೇ ಕಲ್ಲು ಹಾಕಿದ್ದೆ. ಅದೂ ವರ್ಷಗಟ್ಟಲೆ ನಮಗಾಗಿ ಅಕ್ಕಿ ಆರಿಸಿದವರ ತಟ್ಟೆಗೆ.

4. ತಪ್ಪು ಎಲ್ಲಿದೆ?

ಆ ಹಾಡನ್ನು ಮತ್ತೆ ನೋಡೋಣ. ಎಂಟು ಸಾಲಿನಲ್ಲಿ ಮೂರು ಸಲ ಜಾಗ ಬದಲಾಗಿದೆ.

ಪಲ್ಲವಿಯಲ್ಲಿ ಮಾತಾಡುವವರು ಮಕ್ಕಳು, ಕೇಳುವವರು ಅಮ್ಮ. ಇದು ಸರಿಯಾಗಿದೆ. ಬೀಳ್ಕೊಡುವ ಹಾಡಿಗೆ ಇದಕ್ಕಿಂತ ಬೇರೆ ದಾರಿ ಬೇಕಿಲ್ಲ.

ಮೊದಲನೇ ಚರಣದಲ್ಲಿ ಅಮ್ಮ ಇದ್ದಕ್ಕಿದ್ದಂತೆ ಪ್ರಥಮ ಪುರುಷಕ್ಕೆ ಹೋದರು. ಎದುರಿಗೆ ಕೂತವರನ್ನು ಅಲ್ಲಿಲ್ಲದವರಂತೆ ಮಾತಾಡಿದಂತಾಯಿತು. ಇದರ ಮೇಲೆ ಇನ್ನೊಂದು ತಪ್ಪು: 'ನೀವು' ಎಂದು ಬಹುವಚನದಲ್ಲಿ ಕರೆದವರನ್ನು 'ಬಂದಳು' ಎಂದು ಏಕವಚನಕ್ಕೆ ಇಳಿಸಿದೆವು. ಹಾಡಿನಲ್ಲಿ ತಾಯಿಯನ್ನೂ ದೇವರನ್ನೂ ಏಕವಚನದಲ್ಲಿ ಕರೆಯುವುದು ತಪ್ಪಲ್ಲ, ಅದು ಪ್ರೀತಿ. ಆದರೆ ಒಮ್ಮೆ ಏರಿಸಿ ಒಮ್ಮೆ ಇಳಿಸಿದರೆ ಪ್ರೀತಿಯೂ ಇಲ್ಲ, ಗೌರವವೂ ಇಲ್ಲ.

ಎರಡನೇ ಚರಣದಲ್ಲಿ 'ನಿಂತೆ' ಎಂದಾಗ ನಿಂತವರು ಯಾರೆಂದು ಗೊತ್ತಾಗುವುದಿಲ್ಲ. ಮುಂದಿನ ಸಾಲಿನಲ್ಲಿ 'ನನ್ನ ಚಿಂತೆ' ಎಂದು ಬಂದ ಮೇಲೆಯೇ ಇದು ಅಮ್ಮನೇ ಹೇಳುವ ಮಾತು ಎಂದು ತಿಳಿಯುತ್ತದೆ. ಆದರೆ ಹಾಡುತ್ತಿರುವವರು ನಾವು! ನಾವು ಯಾವಾಗ ಒಲೆ ಊದಿದ್ದೆವು?

ಮೂರನೇ ಚರಣದಲ್ಲಿ ಯಾರೋ ಹಿರಿಯರು ಬಂದು 'ಮಕ್ಕಳೆ' ಎಂದು ನಮಗೇ ಬುದ್ಧಿ ಹೇಳುತ್ತಾರೆ. ಆ ಹಿರಿಯರು ಎಲ್ಲಿಂದ ಬಂದರು? ಇನ್ನು 'ಆಕೆಯಂಥ ತಾಯಿ ಇನ್ನು ಸಿಕ್ಕಾಳೆ' ಎಂಬುದಂತೂ ಸಾವಿನ ಮನೆಯ ಮಾತೇ ಆಯಿತು. ಅಮ್ಮ ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

5. ಯಾಕೆ ಹೀಗಾಗುತ್ತದೆ?

ನಾನು ಯೋಚಿಸಿ ನೋಡಿದಂತೆ ಇದಕ್ಕೆ ಮೂರು ಕಾರಣಗಳು.

ಒಂದು, ಪ್ರಾಸದ ಆಸೆ. ಬಂದಳು, ತಂದಳು ಎಂದು ಎರಡು ಪದ ಜೊತೆಯಾಗಿ ಸಿಕ್ಕಿದ ಖುಷಿಯಲ್ಲಿ ಬಂದವರು ಯಾರೆಂದು ನಾನು ಕೇಳಿಕೊಳ್ಳಲೇ ಇಲ್ಲ.

ಎರಡು, ಮಾತ್ರೆಯ ಲೆಕ್ಕ. 'ನನಗೆ', 'ನಿನಗೆ' ಎರಡಕ್ಕೂ ಮೂರು ಮಾತ್ರೆ. 'ಅವನಿಗೆ', 'ಅವಳಿಗೆ' ಎಂಬುದಕ್ಕೆ ನಾಲ್ಕು. ರಾಗದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಅಥವಾ ಕಡಿಮೆಯಾದರೆ ನಾವು ಅರ್ಥವನ್ನು ಬಿಟ್ಟು ಮಾತ್ರೆಗೆ ಸರಿಹೊಂದುವ ಪದವನ್ನು ಹಾಕಿಬಿಡುತ್ತೇವೆ. ಸಿನಿಮಾ ಹಾಡಿನ ಧಾಟಿಗೆ ನಮ್ಮ ಮಾತು ಕೂರಿಸುವಾಗ ಇದು ಹೆಚ್ಚು.

ಮೂರು, ಹಲವರು ಸೇರಿ ಬರೆಯುವುದು. ಒಬ್ಬೊಬ್ಬರು ಒಂದೊಂದು ಚರಣ ಬರೆದು ತಂದು ಕೊನೆಗೆ ಅಂಟಿಸಿದರೆ ಹೀಗೇ ಆಗುತ್ತದೆ. ನಾಲ್ಕು ಮನೆಯ ಬಾಗಿಲು ತಂದು ಒಂದೇ ಮನೆಗೆ ಇಟ್ಟಂತೆ.

6. ನಿತ್ಯ ಹಾಡುವ ಎರಡು ಹಾಡುಗಳಿಂದ ಪಾಠ

ನಾವು ದಿನವೂ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಹಾಡುತ್ತೇವೆ. ಅದು ಯಾವ ಪುರುಷದಲ್ಲಿದೆ ಎಂದು ಯಾರಾದರೂ ಗಮನಿಸಿದ್ದೀರಾ? ನಾನು ಕೇಳಿದಾಗ ಬಹಳ ಜನ 'ದೇಶದ ವರ್ಣನೆ, ಆದ್ದರಿಂದ ಪ್ರಥಮ ಪುರುಷ' ಎಂದರು. ಅಲ್ಲ. ರವೀಂದ್ರನಾಥ ಟಾಗೋರರು ಬರೆದ, 1911ರ ಡಿಸೆಂಬರ್ 27ರಂದು ಕಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಲಾದ, 1950ರ ಜನವರಿ 24ರಂದು ರಾಷ್ಟ್ರಗೀತೆಯಾಗಿ ಅಂಗೀಕಾರವಾದ ಆ ಗೀತೆ ಮಧ್ಯಮ ಪುರುಷದಲ್ಲಿದೆ. ಭಾರತದ ಭಾಗ್ಯವಿಧಾತನನ್ನು ಎದುರಿಗೆ ನಿಲ್ಲಿಸಿಕೊಂಡು ಕರೆಯುವ ಹಾಡು ಅದು. ಅದರಲ್ಲಿ 'ತವ' ಎಂಬ ಪದ ಮೂರು ಸಲ ಬರುತ್ತದೆ. 'ತವ' ಎಂದರೆ 'ನಿನ್ನ'. ನಡುವೆ ಪ್ರಾಂತ್ಯಗಳ, ಬೆಟ್ಟಗಳ, ನದಿಗಳ ಹೆಸರು ಸಾಲಾಗಿ ಬಂದರೂ ಯಾರನ್ನು ಕರೆಯುತ್ತಿದ್ದೇವೆ ಎಂಬುದು ಬದಲಾಗುವುದಿಲ್ಲ.

ನಮ್ಮ ನಾಡಗೀತೆಯೂ ಹಾಗೆಯೇ. ಕುವೆಂಪು ಅವರ ಆ ಗೀತೆಯನ್ನು 2004ರಲ್ಲಿ ನಾಡಗೀತೆಯಾಗಿ ಸರ್ಕಾರ ಘೋಷಿಸಿತು. ಅದರಲ್ಲಿ ಋಷಿಗಳು, ಆಚಾರ್ಯರು, ಕವಿಗಳು, ರಾಜರು ಎಷ್ಟೊಂದು ಜನ ಬಂದು ಹೋಗುತ್ತಾರೆ! ಆದರೂ ಮೊದಲಿನಿಂದ ಕೊನೆಯವರೆಗೆ ಕರೆಯುವುದು ಒಬ್ಬಳನ್ನೇ, ಕರ್ನಾಟಕ ಮಾತೆಯನ್ನು. ಅಷ್ಟು ಉದ್ದದ ಹಾಡಿನಲ್ಲಿ ದಾರಿ ತಪ್ಪದೆ ಇರುವುದಕ್ಕೆ ಇದೂ ಒಂದು ಕಾರಣ.

7. ಬದಲಾಯಿಸಲೇಬಾರದೇ?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕನ್ನಡ ಮೇಷ್ಟ್ರು ಕೇಳಿದ್ದೂ ಇದನ್ನೇ. "ಹಾಗಾದರೆ ಗೋವಿನ ಹಾಡು ತಪ್ಪೇನಮ್ಮಾ?" ಎಂದರು.

ಗೋವಿನ ಹಾಡಿನಲ್ಲಿ ಮೊದಲು ಕಥೆ ಹೇಳುವವರ ಮಾತಿದೆ. ಆಮೇಲೆ ಗೊಲ್ಲ ಹಸುಗಳನ್ನು ಕರೆಯುತ್ತಾನೆ. ಹುಲಿ ಮಾತಾಡುತ್ತದೆ, ಪುಣ್ಯಕೋಟಿ ಮಾತಾಡುತ್ತದೆ, ಕರು ಮಾತಾಡುತ್ತದೆ. 'ನಾನು' ಎಂಬ ಪದ ಎಷ್ಟು ಬಾಯಿಗೆ ಹೋಗಿ ಬರುತ್ತದೆ! ಆದರೂ ಒಂದನೇ ತರಗತಿಯ ಮಗುವಿಗೂ ಗಲಿಬಿಲಿಯಾಗುವುದಿಲ್ಲ. ಯಾಕೆ? ಮಾತು ಬದಲಾಗುವ ಕಡೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಹಾಡಿನಲ್ಲೇ ತಿಳಿಯುತ್ತದೆ. ಕರು ಅಮ್ಮನನ್ನು ಕರೆಯುತ್ತದೆ, ಹಸು ಹುಲಿಯನ್ನು ಕರೆಯುತ್ತದೆ.

ಯಕ್ಷಗಾನದಲ್ಲಿ ಭಾಗವತರು ಒಬ್ಬರೇ ಕಥೆಯನ್ನೂ ಹಾಡುತ್ತಾರೆ, ಪಾತ್ರದ ಮಾತನ್ನೂ ಹಾಡುತ್ತಾರೆ. ಅಲ್ಲಿ ವೇಷ ಎದುರಿಗೆ ಕುಣಿಯುತ್ತಿರುತ್ತದೆ, ಪದ ಮುಗಿದ ಮೇಲೆ ವೇಷಧಾರಿ ಅದೇ ಮಾತನ್ನು ಅರ್ಥ ಹೇಳುತ್ತಾನೆ. ಆದ್ದರಿಂದ ಗೊಂದಲವಿಲ್ಲ. ಸಿನಿಮಾದ ಯುಗಳಗೀತೆಯಲ್ಲಿ ಗಂಡು ದನಿ ಹೆಣ್ಣು ದನಿ ಬೇರೆ ಬೇರೆ ಕೇಳಿಸುತ್ತದೆ. ಅದೇ ಹಾಡನ್ನು ಹಾಳೆಯಲ್ಲಿ ಬರೆದರೆ 'ಗಂಡು', 'ಹೆಣ್ಣು' ಎಂದು ಪಕ್ಕದಲ್ಲಿ ಬರೆಯಲೇಬೇಕು.

ವಚನಗಳನ್ನು ನೋಡಿ. ಬಸವಣ್ಣನವರು ಲೋಕದ ಜನರ ವಿಷಯ ಹೇಳುತ್ತಾ ಹೇಳುತ್ತಾ ಕೊನೆಗೆ ಕೂಡಲಸಂಗಮದೇವನ ಕಡೆ ತಿರುಗುತ್ತಾರೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಕಡೆ ತಿರುಗುತ್ತಾಳೆ. ಪುರಂದರದಾಸರ, ಕನಕದಾಸರ ಕೀರ್ತನೆಗಳಲ್ಲೂ ಕೊನೆಯಲ್ಲಿ ಅಂಕಿತ ಬರುತ್ತದೆ. ಹೀಗೆ ತಿರುಗಿದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಅಂಕಿತ ಎಂಬುದೇ ತಿರುವಿನ ಗುರುತು.

ಅಜ್ಜಿಯಂದಿರು ಬೀಸುವಾಗ ಹಾಡುವ ತ್ರಿಪದಿಗಳಲ್ಲಿ ಒಂದು ಪದ ಅಣ್ಣನ ಮೇಲೆ, ಮುಂದಿನದು ರಾಗಿಕಲ್ಲಿನ ಮೇಲೆ, ಅದರ ಮುಂದಿನದು ತವರಿನ ಮೇಲೆ ಇರುತ್ತದೆ. ಅದು ತಪ್ಪಲ್ಲ. ಒಂದೊಂದು ತ್ರಿಪದಿಯೂ ಮೂರು ಸಾಲಿಗೇ ಮುಗಿಯುವ ಬಿಡಿಪದ್ಯ. ಬಿಡಿಮಣಿಗಳನ್ನು ಹೇಗೆ ಬೇಕಾದರೂ ಪೋಣಿಸಬಹುದು.

ಇನ್ನು ಬೇಂದ್ರೆಯವರಂತೂ 'ನಾಕುತಂತಿ'ಯಲ್ಲಿ ಸರ್ವನಾಮಗಳನ್ನೇ ತಂತಿಗಳಾಗಿ ಮಾಡಿಕೊಂಡರು. ಆ ಕೃತಿಗೆ 1973ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂತು. ನಾನು, ನೀನು ಎಂಬ ಪುಟ್ಟ ಪದಗಳೊಳಗೆ ಅಷ್ಟು ದೊಡ್ಡ ವಿಷಯ ಅಡಗಿದೆ ಎಂದಾಯಿತು. ಅವರು ಬದಲಾಯಿಸಿದ್ದು ಗೊತ್ತಿದ್ದು, ನಾವು ಬದಲಾಯಿಸಿದ್ದು ಗೊತ್ತಿಲ್ಲದೆ. ವ್ಯತ್ಯಾಸ ಇರುವುದು ಇಲ್ಲೇ.

ಆದ್ದರಿಂದ ನಿಯಮ ಇಷ್ಟು: ಹಾಡು ತಿರುಗಬಹುದು, ಆದರೆ ತಿರುವಿನಲ್ಲಿ ಕೈಮರ ಇರಬೇಕು. ಕೈಮರವಿಲ್ಲದ ತಿರುವಿನಲ್ಲಿ ದಾರಿಹೋಕ ತಪ್ಪಿಸಿಕೊಳ್ಳುತ್ತಾನೆ.

8. 'ನಾವು' ಎಂದರೆ ಯಾರು ಯಾರು?

ನಮ್ಮ ತರಗತಿಯಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರು ಇದ್ದಾರೆ. ಅವರನ್ನು ಕೇಳಿ. ತೆಲುಗಿನಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. 'ಮನಂ' ಎಂದರೆ ಕೇಳುವವರೂ ಸೇರಿ ನಾವು. 'ಮೇಮು' ಎಂದರೆ ಕೇಳುವವರನ್ನು ಬಿಟ್ಟು ನಾವು. ಈಗಿನ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಆದ್ದರಿಂದ ನಾವೇ ಎಚ್ಚರ ವಹಿಸಬೇಕು.

ಜೂನ್ 5ರ ಪರಿಸರ ದಿನಕ್ಕೆ ನಾವು ಮಕ್ಕಳು ಬರೆಯುವ ಹಾಡುಗಳನ್ನು ನೆನಪಿಸಿಕೊಳ್ಳಿ. ಶುರುವಿನಲ್ಲಿ ಮರವೇ 'ನಾನು ಮರ' ಎಂದು ಮಾತಾಡುತ್ತದೆ. ನಡುವೆ 'ನೀವು ಕಡಿದಿರಿ' ಎಂದು ಬೈಯುತ್ತದೆ. ಕೊನೆಗೆ 'ನಾವು ಮರ ಉಳಿಸೋಣ' ಎಂದು ಮುಗಿಯುತ್ತದೆ. ಈ ಕೊನೆಯ 'ನಾವು' ಯಾರು? ಮರಗಳೇ? ಮಕ್ಕಳೇ? ಕಡಿದವರೂ ಸೇರಿದರೇ? ಪುರುಷ ತಪ್ಪಿದರೆ ಬರೀ ವ್ಯಾಕರಣ ತಪ್ಪುವುದಿಲ್ಲ, ತಪ್ಪು ಮಾಡಿದವರು ಯಾರು, ಸರಿಪಡಿಸಬೇಕಾದವರು ಯಾರು ಎಂಬುದೂ ಮರೆಯಾಗುತ್ತದೆ. 'ನೀವು ಕಡಿದಿರಿ' ಎನ್ನುವುದು ಸುಲಭ. 'ನಾವು ಕಡಿದೆವು' ಎಂದು ಬರೆಯಬೇಕಾದರೆ ಕೈ ಸ್ವಲ್ಪ ತಡೆಯುತ್ತದೆ. ಹಾಗೆ ತಡೆದರೆ ಒಳ್ಳೆಯದೇ.

ಇನ್ನೊಂದು ಸಣ್ಣ ಎಚ್ಚರಿಕೆ. 'ತನ್ನ' ಎಂಬುದು ಪ್ರಥಮ ಪುರುಷಕ್ಕೆ ಸೇರಿದ್ದು. 'ಅವನು ತನ್ನ ಊರಿಗೆ ಹೋದ' ಸರಿ. 'ನಾನು ತನ್ನ ಊರಿಗೆ ಹೋದೆ' ತಪ್ಪು, 'ನನ್ನ ಊರಿಗೆ' ಆಗಬೇಕು. ಹಿಂದಿ ಹಾಡನ್ನು ಕನ್ನಡ ಮಾಡುವಾಗ ಈ ತಪ್ಪು ನುಸುಳುತ್ತದೆ, ಏಕೆಂದರೆ ಹಿಂದಿಯ 'ಅಪ್ನಾ' ಮೂರು ಪುರುಷಕ್ಕೂ ನಡೆಯುತ್ತದೆ.

9. ತಿದ್ದಿದ ಹಾಡು

ನಾಲ್ಕೂ ಜನ ಮತ್ತೆ ಕೂತೆವು. ಮೊದಲು ಹಾಳೆಯ ಮೇಲೆ ಮೂರು ಪ್ರಶ್ನೆ ಬರೆದುಕೊಂಡೆವು. ಹಾಡುವವರು ಯಾರು? ಮಕ್ಕಳು. ಕೇಳುವವರು ಯಾರು? ಅಮ್ಮ. ಅವರು ಈಗ ಎಲ್ಲಿದ್ದಾರೆ? ನಮ್ಮ ಎದುರಿಗೇ ಇದ್ದಾರೆ. ಆಮೇಲೆ ತಿದ್ದಿದೆವು. ಪಲ್ಲವಿ ಹಾಗೇ ಇದೆ. ಚರಣಗಳು ಹೀಗಾದವು:

ಕೋಳಿ ಕೂಗೊ ಮುಂಚೆ ಎದ್ದು ಬಂದಿರಿ,
ನೂರು ತಟ್ಟೆಗನ್ನ ಸಾರು ತಂದಿರಿ.

ಹೊಗೆಯ ಕುಡಿದು ಒಲೆಯ ಊದಿ ನಿಂತಿರಿ,
ಉಣದೆ ಎದ್ದ ಮಗುವ ಪಕ್ಕ ಕುಂತಿರಿ.

ಉಂಡ ಋಣವ ಮರೆಯೆವಮ್ಮ ನಾವು,
ನಮ್ಮ ಮನೆಗೆ ಉಣಲು ಬನ್ನಿ ನೀವು.

ಬಂದಳು, ತಂದಳು ಹೋಗಿ ಬಂದಿರಿ, ತಂದಿರಿ ಆಯಿತು. ಪ್ರಾಸವೂ ಕೆಡಲಿಲ್ಲ, ರಾಗವೂ ಕೆಡಲಿಲ್ಲ. ನಾನು ಅಷ್ಟು ದಿನ ಪ್ರಾಸಕ್ಕಾಗಿ ತಪ್ಪಿದೆ ಎಂದುಕೊಂಡಿದ್ದು ಬರೀ ನೆಪ, ನಿಜವಾಗಿ ಸೋಮಾರಿತನ.

ಇನ್ನೊಂದು ವಿಷಯವನ್ನು ಗಮನಿಸಿ. ಮೊದಲು ಅಮ್ಮನ ಬಾಯಿಂದ 'ನಿಮ್ಮ ಹೊಟ್ಟೆ ತುಂಬಲೆಂದೆ ನನ್ನ ಚಿಂತೆ' ಎಂದು ಹಾಡಿಸಿದ್ದೆವು. ಅವರ ಮನಸ್ಸಿನಲ್ಲಿ ಏನಿತ್ತೆಂದು ನಮಗೇನು ಗೊತ್ತು? ನಾವೇ ಕಂಡದ್ದನ್ನು ಹೇಳಬೇಕು ಎಂದಾದಾಗ ನೆನಪು ಮಾಡಿಕೊಳ್ಳಬೇಕಾಯಿತು. ಊಟ ಬಿಟ್ಟು ಎದ್ದ ಮಕ್ಕಳ ಪಕ್ಕ ಅವರು ಬಂದು ಕೂರುತ್ತಿದ್ದದ್ದು ಆಗ ನೆನಪಾಯಿತು. ನಿಂತ ಜಾಗ ಸರಿಯಾದರೆ ಕಣ್ಣಿಗೆ ಬೀಳುವುದೂ ಸರಿಯಾಗುತ್ತದೆ ಎಂದು ನಾನು ಕಲಿತದ್ದು ಇದರಿಂದಲೇ.

ಒಂದು ಭಾನುವಾರ ಅಮ್ಮನ ಮನೆ ಜಗಲಿಯ ಮೇಲೆ ಕೂತು ಹೊಸ ಹಾಡು ಹಾಡಿದೆವು. ಎರಡನೇ ಚರಣ ಮುಗಿದಾಗ ಅವರು ನನ್ನ ಕಡೆ ತಿರುಗಿ, "ಆ ಉಣ್ದೆ ಎದ್ದೋಳು ನೀನೇ ಅಲ್ವೇನೆ?" ಅಂದರು. ಹೌದು, ನಾನೇ. ಹಾಡು ಮುಗಿದ ಮೇಲೆ ಅವರು ತಪ್ಪು ಹುಡುಕಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಪುರಿ, ಬೆಲ್ಲ ತಂದು ಕೊಟ್ಟರು.

10. ಅಭ್ಯಾಸ

ಕೆಳಗಿನವನ್ನು ಓದಿ, ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಹಾಕಿ.

(ಅ) 'ಕೆರೆಯ ಬಳಿಗೆ ಬಂದೆ, ಹೂವ ಕಿತ್ತು ತಂದೆ.' ಇಲ್ಲಿ ಬಂದವರು ನಾನೇ, ನೀನೇ? ಒಂದು ಪದ ಸೇರಿಸಿ ಖಚಿತಪಡಿಸಿ.

(ಆ) 'ಗುರುಗಳೇ, ನೀವು ದಾರಿ ತೋರಿದಿರಿ, ಅವರಿಗೆ ನಮ್ಮ ನಮನ.' ತಪ್ಪನ್ನು ತಿದ್ದಿ.

(ಇ) ನಿಮಗೆ ಬರುವ ಒಂದು ಸೋಬಾನೆ ಪದ ಅಥವಾ ಭಜನೆ ಪದವನ್ನು ಮನೆಯಲ್ಲಿ ಕೇಳಿ ಬರೆದುಕೊಳ್ಳಿ. ಹಾಡುವವರು ಯಾರು, ಕೇಳುವವರು ಯಾರು, ಎಲ್ಲಿ ತಿರುಗುತ್ತದೆ, ಕೈಮರ ಎಲ್ಲಿದೆ ಎಂದು ಗುರುತು ಹಾಕಿ.

ಕೊನೆಯದಾಗಿ, ಈ ವರ್ಷದ ವಾರ್ಷಿಕೋತ್ಸವಕ್ಕೆ ಹಾಡು ಬರೆಯುವವರು ಮೊದಲು ಹಾಳೆಯ ತಲೆಯ ಮೇಲೆ 'ಯಾರು, ಯಾರಿಗೆ' ಎಂದು ಬರೆದುಕೊಳ್ಳಿ. ಆಮೇಲೆ ಪ್ರಾಸ ಹುಡುಕಿ. ನನ್ನ ಲೇಖನದಲ್ಲೂ ಎಲ್ಲಾದರೂ ಪುರುಷ ತಪ್ಪಿದ್ದರೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿ. ಬೇಜಾರು ಮಾಡಿಕೊಳ್ಳುವುದಿಲ್ಲ. ಕಲ್ಲು ಯಾರ ಕೈಗೆ ಸಿಕ್ಕರೂ ತೆಗೆದು ಹಾಕಿದರೆ ಅನ್ನ ಎಲ್ಲರಿಗೂ ಚೆನ್ನ.

– ಹತ್ತನೇ ತರಗತಿಯ ವಿದ್ಯಾರ್ಥಿನಿ